ಮಾತಿಗೆ ಅಪ್ಪಣೆ ಕೊಡುವವರಾರು?

ಸಭೆ ಕೂಡಿಸಬೇಕಾದರೆ ಮುಂಚಿತವಾಗಿ ಸರಕಾರದ ಅಪ್ಪಣೆ ಬೇಕೆಂಬ ಕಾಲವನ್ನು ರಾಯಚೂರು ಸೀಮೆಯ ಜನರು ಕಂಡುಂಡವರು. ನಿಜಾಮ ಸರಕಾರವು 1920ರ ದಶಕದಲ್ಲಿ ಹೊರಡಿಸಿದ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಹೆಸರನ್ನು ಇಂದಿನ ತರುಣರು ಕೇಳಿರಲಾರರು. ಅವರ ಅಜ್ಜಂದಿರು ಅದನ್ನು ಮರೆಯುವಂತಿರಲಿಲ್ಲ. ಅಪ್ಪಣೆಯಿಲ್ಲದೆ ನಾಲ್ಕು ಜನ ಕೂಡಿ ರಾಜ್ಯದ ವಿಷಯವನ್ನು ಎತ್ತುವಂತಿಲ್ಲ. ಅಪ್ಪಣೆ ಬೇಡಿದರೆ ಅದು ಕಚೇರಿಯಿಂದ ಕಚೇರಿಗೆ ತಿರುಗಿ ಬರುವಷ್ಟರಲ್ಲಿ ಸಭೆಯ ಸಂದರ್ಭವೇ ಕಳೆದುಹೋಗಿರುವದು. ನಮ್ಮ ಕನ್ನಡದಲ್ಲಿ ಗಸ್ತಿಯೆಂದರೆ ರಾತ್ರಿಯ ಪಹರೆಯೆಂದೂ ಅರ್ಥವುಂಟು. ಸುತ್ತೋಲೆಗೂ ಪಹರೆಗೂ ಒಂದೇ ಶಬ್ದವಾದದ್ದು ಆ ಕಾಲಕ್ಕೆ ಯಥಾರ್ಥವಾಗಿಯೇ ಒಪ್ಪುತ್ತಿತ್ತು.

ಅದೇ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ‘ಹಮ್ದರ್ದ್’ ಎಂಬ ಶಾಲೆಯನ್ನು ಸ್ಥಾಪಿಸಿದರು. ಹೆಸರಿನ ಅರ್ಥವೇ ಇನ್ನೊಬ್ಬರ ನೋವನ್ನು ತನ್ನದೆಂದು ಬಗೆಯುವವನು ಎಂದು. ಅಂಥ ಮನುಷ್ಯನ ಇರವನ್ನೂ ಆ ಆಡಳಿತವು ಸಹಿಸಲಿಲ್ಲ. ಅವರು ಸಂಸ್ಥಾನದ ಎಲ್ಲೆಯನ್ನು ದಾಟಿ ತುಂಗಭದ್ರೆಯ ಆಚೆ ‘ಪ್ರೇಮಾಯತನ’ವನ್ನು ಕಟ್ಟಬೇಕಾಯಿತು. ನದಿಯ ಈಚೆ ಆಡಬಾರದ ಮಾತನ್ನು ಆಚೆ ಆಡಬಹುದಾಗಿತ್ತು. ಮುಂದೆ 1948ರ ಆಗಸ್ಟಿನಲ್ಲಿ, ಹೈದರಾಬಾದ ಸಂಸ್ಥಾನವು ಹಿಂದುಸ್ಥಾನದೊಡನೆ ಕೂಡಬೇಕೆಂದು ಬರೆದುದಕ್ಕಾಗಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಹೈದರಾಬಾದಿನ ಬೀದಿಯಲ್ಲಿ ಕೊಂದರು. ಬರೆದ ಕೈಯನ್ನೂ ಕತ್ತರಿಸಿದರು. ಪತ್ರಿಕಾವೃತ್ತಿಯಲ್ಲಿರುವ ನಾವು ಆ ಹೆಸರನ್ನು ಬರೆಯುವಾಗ ಲೇಖಣಿಯನ್ನು ಒಂದು ಕ್ಷಣ ನಿಲ್ಲಿಸಬೇಕು.

ಸೆಪ್ಟೆಂಬರ್ 17ಕ್ಕೆ ಸಂಸ್ಥಾನದ ದೊರೆತನ ಮುಗಿಯಿತು. ಅಲ್ಲಿಂದ ಎರಡು ತಿಂಗಳು ಹನ್ನೆರಡು ದಿನಗಳಿಗೆ, ಅಂದರೆ 1948ರ ನವೆಂಬರ್ 29ಕ್ಕೆ, ದಿಲ್ಲಿಯಲ್ಲಿ ರಾಜ್ಯಘಟನಾ ಸಭೆಯು ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ಕಲಮನ್ನು ಅಂಗೀಕರಿಸಿತು. ಇಂದು ಅದು 17ನೆಯ ಕಲಮು. ಮಾತಿನ ಸ್ವಾತಂತ್ರ್ಯವನ್ನು ಕೊಟ್ಟದ್ದು 19ನೆಯದು. ಇವೆರಡೂ ಒಂದೇ ಪುಸ್ತಕದಲ್ಲಿ ಒಂದೆರಡು ಪುಟಗಳ ಅಂತರದಲ್ಲಿ ಇರುವದು ಆಕಸ್ಮಿಕವೆಂದು ನಾವು ಭಾವಿಸುವದಿಲ್ಲ. ಮೊದಲನೆಯದು ಜಾರಿಗೆ ಬಾರದಲ್ಲಿ ಎರಡನೆಯದು ಕಾಗದದ ಮೇಲಿನ ಮಸಿಯಾಗಿಯೇ ಉಳಿಯುವದೆಂಬದು ಈ ಲೇಖದ ವಿಷಯ.

ಗಸ್ತಿ 53 ರದ್ದಾಯಿತು. ಆದರೆ ಯಾವ ಕಚೇರಿಯೂ ಹೊರಡಿಸದ, ಯಾವ ಸಹಿಯೂ ಇಲ್ಲದ ಇನ್ನೊಂದು ಗಸ್ತಿಯು ನಮ್ಮ ಊರೂರುಗಳಲ್ಲಿ ಜಾರಿಯಲ್ಲಿದೆ. ಅದು ಸಭೆಯನ್ನು ನಿಷೇಧಿಸುವದಿಲ್ಲ. ಬರಬೇಡವೆಂದೂ ಹೇಳುವದಿಲ್ಲ. ಗ್ರಾಮಸಭೆಗೆ ಕರೆಯುವದು, ಜಮಖಾನದ ಅಂಚಿನಲ್ಲೋ ಅಂಗಳದಲ್ಲೋ ಕೂಡಿಸುವದು, ‘ನಿಮ್ಮದೇನಾದರೂ ಇದ್ದರೆ ಹೇಳಿರಪ್ಪಾ’ ಎಂದೂ ಅನ್ನುವದು. ಹೇಳಿದವನ ಪಾಡು ಮರುದಿನ ತಿಳಿಯುವದು. ಕೂಲಿಗೆ ಕರೆಯುವವರು ಅವನ ಬಾಗಿಲನ್ನು ಬಿಟ್ಟು ಮುಂದಿನ ಬಾಗಿಲನ್ನು ಬಡಿಯುವರು. ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಲ್ಲುವದು. ಹಿಟ್ಟಿನ ಗಿರಣಿ ಅವನ ಪಾಳಿ ಬಂದಾಗಲೇ ಕೆಡುವದು. ಮುಂಗಡವಾಗಿ ಪಡೆದ ಹಣವನ್ನು ಈಗಿಂದೀಗಲೇ ತಿರುಗಿ ಕೊಡೆಂದು ಕೇಳುವರು. ಯಾರೊಬ್ಬರೂ ಅವನನ್ನು ಹೊಡೆದಿರುವದಿಲ್ಲ. ಯಾರ ಮೇಲೂ ಖಟ್ಲೆ ಹೂಡುವಂತಿಲ್ಲ. ಹೀಗಿರುತ್ತ, ‘ಇಲ್ಲಿ ಯಾರು ಬೇಕಾದರೂ ಮಾತನಾಡಬಹುದು, ನಾವೇನು ಬಾಯಿ ಕಟ್ಟಿದ್ದೇವೆಯೇ?’ ಎಂದು ಊರ ಹಿರಿಯರು ಕೇಳಿದರೆ ಅದಕ್ಕೆ ಉತ್ತರ ಕೊಡುವದು ಸುಲಭವಲ್ಲ. ಬಾಯಿ ಕಟ್ಟಿರುವದಿಲ್ಲ, ನಿಜ, ಹೊಟ್ಟೆಯನ್ನು ಕಟ್ಟಿರುವದು.

ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಟು. ಅಲ್ಲಿ ಬತ್ತದ ಗದ್ದೆಗಳನ್ನು ನೋಡಿದವರು ಇದು ಬರದ ಸೀಮೆಯೆಂದರೆ ನಂಬಲಾರರು. ದೇವದುರ್ಗವಾದರೋ 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ನಾಡಿನ ಅತ್ಯಂತ ಹಿಂದುಳಿದ ತಾಲೂಕುಗಳ ಪಂಕ್ತಿಯಲ್ಲಿ ಕೂಡಿಸಿದ ತಾಲೂಕು. ನೀರಿದ್ದಲ್ಲಿಯೂ ಇಲ್ಲದಲ್ಲಿಯೂ ಭೂಮಿಯಿಲ್ಲದವನ ನಾಲಿಗೆಯ ಉದ್ದವು ಒಂದೇ. ಬತ್ತದ ನಾಡಿನಲ್ಲಿ ನಾಟಿಯ ಕೂಲಿ ತಪ್ಪೀತೆಂಬ ಭಯ. ಒಣನಾಡಿನಲ್ಲಿ ಇರುವ ನಾಲ್ಕು ದಿನದ ಕೂಲಿಯೂ ತಪ್ಪೀತೆಂಬ ಭಯ. ದೇವದುರ್ಗದಿಂದ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಗುಳೆ ಹೋದವನು ಅಲ್ಲಿ ಚಹದ ಅಂಗಡಿಯಲ್ಲಿ ಎಲ್ಲರೊಡನೆ ನಿಂತು ಎಲ್ಲರ ಲೋಟದಲ್ಲಿಯೇ ಚಹ ಕುಡಿದು, ಹಬ್ಬಕ್ಕೆ ಊರಿಗೆ ಬಂದಾಗ ಬೇರೆ ಲೋಟಕ್ಕೆ ಕೈಚಾಚಬೇಕಾಗುವದುಂಟು. ಆ ಕೈ ಹಿಂಜರಿಯುವ ಒಂದು ಕ್ಷಣದಲ್ಲಿ ಇಡೀ ಪ್ರಶ್ನೆ ಅಡಗಿದೆ.

ಇಲ್ಲಿ ಕೆಲವರು ಚುನಾವಣೆಯ ಮಾತನ್ನು ಎತ್ತುವರು. 2008ರ ಕ್ಷೇತ್ರ ಪುನರ್ವಿಂಗಡಣೆಯ ತರುವಾಯ ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮೀಣ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೂ ಲಿಂಗಸೂಗೂರು ಪರಿಶಿಷ್ಟ ಜಾತಿಗೂ ಮೀಸಲಾಗಿವೆ, ಇನ್ನೇನು ಬೇಕು? ಎನ್ನುವರು. ಮೀಸಲು ಅವಶ್ಯವೇ, ನಾವು ಅದರ ವಿರೋಧಿಗಳಲ್ಲ. ಆದರೆ ಶಾಸನಸಭೆಯಲ್ಲಿ ಒಬ್ಬರಿಗೆ ಮಾತನಾಡಲು ಪೀಠ ದೊರೆತ ಮಾತ್ರದಿಂದ ಊರ ಕಟ್ಟೆಯ ಮುಂದೆ ಮತ್ತೊಬ್ಬನಿಗೆ ಮಾತನಾಡುವ ಧೈರ್ಯ ಬರುವದಿಲ್ಲ.

ಈ ಸಂದರ್ಭದಲ್ಲಿ ರಾಯಚೂರಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ವಾಚಕರಿಗೆ ನೆನಪಿಸುತ್ತೇವೆ. 2022ರ ಜನವರಿ 26ರಂದು ಜಿಲ್ಲಾ ನ್ಯಾಯಾಲಯದ ಅಂಗಳದಲ್ಲಿ ಧ್ವಜಾರೋಹಣದ ವೇಳೆಗೆ ಡಾ. ಅಂಬೇಡಕರರ ಭಾವಚಿತ್ರವನ್ನು ತೆಗೆಯಿಸಿದರೆಂದು ವಕೀಲರು ಆಕ್ಷೇಪಿಸಿದರು. ಅಲ್ಲಿಯ ನ್ಯಾಯಾಧೀಶರು, ತಾವು ಅವಮಾನ ಮಾಡಿಲ್ಲ, ಆ ವಿಷಯವು ಉಚ್ಚ ನ್ಯಾಯಾಲಯದ ನಿರ್ಣಯಕ್ಕೆ ಬಿಟ್ಟದ್ದಾದ್ದರಿಂದ ತಾಳಿರೆಂದು ಹೇಳಿದೆನಷ್ಟೆ ಎಂದು ಸಮಜಾಯಿಷಿ ಕೊಟ್ಟರು. ಯಾರ ಮನಸ್ಸಿನಲ್ಲಿ ಏನಿತ್ತೆಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಆದ ಸಂಗತಿಯಿಷ್ಟು: ಊರೂರಲ್ಲಿ ಪ್ರತಿಭಟನೆಗಳಾದವು, ಫೆಬ್ರವರಿ ಮೊದಲ ವಾರದಲ್ಲಿಯೇ ಉಚ್ಚ ನ್ಯಾಯಾಲಯವು ರಾಷ್ಟ್ರೀಯ ಸಮಾರಂಭಗಳಲ್ಲಿ ಆ ಭಾವಚಿತ್ರವನ್ನು ಇಡಬೇಕೆಂದು ಸುತ್ತೋಲೆ ಹೊರಡಿಸಿತು, ನ್ಯಾಯಾಧೀಶರಿಗೆ ವರ್ಗವಾಯಿತು, ಫೆಬ್ರವರಿ 19ರಂದು ಬೆಂಗಳೂರಿನಲ್ಲಿ ಅಪಾರ ಜನಸ್ತೋಮವು ಕೂಡಿತು.

ಆಗ ಸುಸಂಸ್ಕೃತರೆನಿಸಿಕೊಂಡವರ ಬಾಯಲ್ಲಿಯೂ ನಾವು ಒಂದು ಮಾತನ್ನು ಕೇಳಿದೆವು: ‘ಒಂದು ಪಟಕ್ಕೆ ಇಷ್ಟು ಗದ್ದಲವೇ?’ ಈ ಪ್ರಶ್ನೆಯನ್ನು ಕೇಳುವವರ ಮನೆತನದ ಪಟಗಳನ್ನು ಯಾರೂ ಎಂದೂ ಗೋಡೆಯಿಂದ ಇಳಿಸಿರುವದಿಲ್ಲ. ಅದಿರಲಿ. ನಮಗೆ ಆ ಪ್ರಸಂಗದಲ್ಲಿ ಮುಖ್ಯವಾಗಿ ತೋರಿದ್ದು ಬೇರೆಯೇ. ಆ ದಿನ ‘ಇದು ಸರಿಯಲ್ಲ’ ಎಂದು ಹೇಳಿದವರು ವಕೀಲರು. ಕಾಯದೆಯನ್ನು ಬಲ್ಲವರು, ತಮ್ಮದೇ ಸಂಘವುಳ್ಳವರು, ಸಂಜೆಯ ಊಟಕ್ಕೆ ನ್ಯಾಯಾಲಯದ ಕೃಪೆಯನ್ನು ಕಾಯದವರು. ಅವರ ಮಾತು ಹತ್ತೇ ದಿನಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಅದೇ ಅಂಗಳವನ್ನು ಬೆಳಗ್ಗೆ ಗುಡಿಸಿದ ಹೆಂಗಸು ಅದೇ ಮಾತನ್ನು ಆಡಿದ್ದರೆ? ನಾಡೆಲ್ಲ ಕೇಳುವದು ಹಾಗಿರಲಿ, ಮರುದಿನ ಪೊರಕೆ ಅವಳ ಕೈಯಲ್ಲಿರುತ್ತಿತ್ತೇ ಎಂಬದೇ ಸಂಶಯ. ಮಾತು ಒಂದೇ, ಅಂಗಳವೂ ಒಂದೇ. ಆಡಿದವರಾರೆಂಬುದರ ಮೇಲೆ ಅದು ಮಾತಾಗುವದು ಅಥವಾ ಅಧಿಕಪ್ರಸಂಗವಾಗುವದು.

ಇದಕ್ಕೆ ಎದುರಾಗಿ ಒಂದು ವಾದವುಂಟು, ಅದನ್ನು ನಾವು ತುಚ್ಛೀಕರಿಸಲಾರೆವು. ಬಿಚ್ಚುಮನಸ್ಸಿನ ಚರ್ಚೆ ನಡೆಯಲಿ, ಎರಡೂ ಪಕ್ಷದವರು ತಮಗೆ ತೋರಿದ್ದನ್ನು ಹೇಳಲಿ, ಸತ್ಯವು ತಾನಾಗಿಯೇ ಮೇಲೆ ಬರುವದೆಂದು ಅನೇಕ ಸಜ್ಜನರು ನಂಬಿದ್ದಾರೆ. ನಮ್ಮ ವೃತ್ತಿಯೂ ಆ ನಂಬಿಕೆಯ ಮೇಲೆಯೇ ನಿಂತಿದೆ. ಆದರೆ ಕುಸ್ತಿಯ ಕಣಕ್ಕಿಳಿಸುವ ಮೊದಲು ಇಬ್ಬರೂ ಪೈಲವಾನರು ಉಂಡು ಬಂದಿರುವರೇ ಎಂದು ನೋಡುವದು ಕಣ ಕಟ್ಟಿದವರ ಧರ್ಮವಲ್ಲವೇ? ಒಬ್ಬನು ಸೋತರೆ ಮಾತೊಂದನ್ನು ಕಳಕೊಳ್ಳುವನು. ಇನ್ನೊಬ್ಬನು ಗೆದ್ದರೂ ಮನೆಯನ್ನು ಕಳಕೊಳ್ಳುವನು. ನೆರೆಯ ಗಂಗಾವತಿ ತಾಲೂಕು ಹಿಂದೆ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯ ಮರಕುಂಬಿಯಲ್ಲಿ 2014ರಲ್ಲಿ ಸಿನೆಮಾ ಟಿಕೀಟಿನ ಜಗಳವೊಂದು ದಲಿತರ ಗುಡಿಸಲುಗಳಿಗೆ ಬೆಂಕಿಯಾಗಿ ಹಬ್ಬಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯವು ಒಮ್ಮೆಗೇ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರಲ್ಲಿ ಬಹುತೇಕರಿಗೆ ಮುಂದಿನ ತಿಂಗಳೇ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತೆಂಬದನ್ನೂ ಇಲ್ಲಿಯೇ ಹೇಳತಕ್ಕದ್ದು. ಟಿಕೀಟಿನ ಜಗಳ ಎರಡು ಸಮಬಲರ ನಡುವೆ ನಡೆದಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು.

ಪರದೇಶಗಳಲ್ಲಿ ವರ್ಣದ್ವೇಷವೆಂದು ಯಾವದನ್ನು ಖಂಡಿಸುವರೋ ಅದಕ್ಕೆ ನಮ್ಮಲ್ಲಿ ಜಾತಿಯೆಂದು ಹೆಸರು. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬಾನಿನಲ್ಲಿ ವರ್ಣಭೇದದ ವಿರುದ್ಧ ವಿಶ್ವಸಂಸ್ಥೆಯ ಪರಿಷತ್ತು ಕೂಡಿದಾಗ, ಜಾತಿಯ ಮಾತು ಅಲ್ಲಿ ಬರಬಾರದೆಂದು ನಮ್ಮ ಸರಕಾರವೇ ವಾದಿಸಿತು: ಜಾತಿಯು ಜನಾಂಗವಲ್ಲ, ಇದು ನಮ್ಮ ಮನೆಯ ವಿಷಯ, ನಮ್ಮ ಘಟನೆಯಲ್ಲಿಯೇ ಇದಕ್ಕೆ ಪರಿಹಾರವುಂಟು ಎಂದು. ಶಾಸ್ತ್ರದ ದೃಷ್ಟಿಯಿಂದ ಜಾತಿಯೂ ಜನಾಂಗವೂ ಒಂದಲ್ಲವೆಂಬದನ್ನು ನಾವೂ ಒಪ್ಪುತ್ತೇವೆ. ಆದರೆ ಮನೆಯ ವಿಷಯವೆಂಬ ಮಾತು ನಮ್ಮ ಕಿವಿಗೆ ಪರಿಚಿತವಾದದ್ದು. ಪಾರತಂತ್ರ್ಯದ ಕಾಲದಲ್ಲಿ ಇಂಗ್ಲಿಷರೂ ಹಿಂದುಸ್ಥಾನದ ಪ್ರಶ್ನೆಯು ತಮ್ಮ ಸಾಮ್ರಾಜ್ಯದ ಒಳಮನೆಯ ವಿಷಯವೆಂದೇ ಹೇಳುತ್ತಿದ್ದರು. ಮನೆಯ ವಿಷಯವಾದರೆ ಒಳ್ಳೆಯದೇ; ಮನೆಯೊಳಗೆ ಆಡಲು ಬಿಡುವರೋ? ಅಲ್ಲಿ ಬಿಡದ್ದರಿಂದಲೇ ಅದು ಹೊಸ್ತಿಲು ದಾಟಿ, ಕಡಲು ದಾಟಿ, 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆಯು ಜಾತಿಭೇದವನ್ನು ನಿಷೇಧಿಸುವವರೆಗೆ ಹೋಯಿತು.

ಮಾತಿನ ಸ್ವಾತಂತ್ರ್ಯವನ್ನು ಯಾರು ಯಾರಿಗೆ ಎಷ್ಟು ಅಳೆದು ಕೊಡುವರೆಂಬದಕ್ಕೆ ಕನ್ನಡ ನಾಡಿನಲ್ಲಿ 1973ರ ಬೂಸಾ ಪ್ರಕರಣಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಬೇಕಾಗಿಲ್ಲ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಆ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನ ಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ಮನುಷ್ಯನು ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೆಣಗಿದ ಮಂತ್ರಿ ಅವರು. ಕನ್ನಡದ ಪತ್ರಿಕೆಯಾದ ನಮಗೆ ಆ ಮಾತು ರುಚಿಸುವದಿಲ್ಲ. ವಚನಗಳನ್ನು ಹೆತ್ತ ಭಾಷೆಯ ಬಗ್ಗೆ ಅದು ಪೂರ್ತಿ ನಿಜವೂ ಅಲ್ಲ. ಆದರೆ ಅರುಚಿಯಾದ ಮಾತಿಗೆ ಉತ್ತರವೇನು? ಲೇಖನ ಬರೆಯಬಹುದಿತ್ತು, ಎದುರು ಭಾಷಣ ಮಾಡಬಹುದಿತ್ತು. ನಡೆದದ್ದು ಬೇರೆ. ಬೀದಿಗಳಲ್ಲಿ ದೊಂಬಿಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಮಂತ್ರಿಯೆಂದರೆ ಅಧಿಕಾರಸ್ಥನು, ಅವನಿಗೇನು ಕೊರತೆಯೆಂದು ಕೇಳಬಹುದು. ಕುರ್ಚಿಯು ಕೊಟ್ಟ ಅಧಿಕಾರ ಬೇರೆ, ಹುಟ್ಟು ಕೊಟ್ಟ ಅಧಿಕಾರ ಬೇರೆ. ಮೊದಲನೆಯದು ಎರಡನೆಯದರೆದುರು ಎಷ್ಟು ದಿನ ನಿಲ್ಲಬಲ್ಲದೆಂಬದನ್ನು ಆ ನವೆಂಬರು ತೋರಿಸಿತು. ಕಟ್ಟಕಡೆಗೆ ಲಾಭವಾದದ್ದು ಕನ್ನಡಕ್ಕೇ ಎಂಬದೊಂದು ವಿಚಿತ್ರ. ಆ ಹೊಡೆತ ತಿಂದ ತರುಣರ ನಡುವಿನಿಂದಲೇ ದಲಿತ ಸಂಘರ್ಷ ಸಮಿತಿಯು ಎದ್ದಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿತು. ಬೂಸಾ ಎಂಬ ಮಾತಿಗೆ ನಿಜವಾದ ಉತ್ತರವನ್ನು ಹೀಗೆ ಆ ಕೇರಿಯವರೇ ಬರೆದುಕೊಟ್ಟರು.

ಬೂಸಾ ಎಂಬ ನಿಂದೆಗೆ ಕೆರಳಿದವರಿಗೆ ನಾವು ಮಾನ್ವಿಯ ಕಥೆಯೊಂದನ್ನು ನೆನಪಿಸಬೇಕೆಂದಿದ್ದೇವೆ. ನಮ್ಮ ಮಾನ್ವಿ, ದೇವದುರ್ಗಗಳು ದಾಸರ ನೆಲ. ವಿಜಯದಾಸರ ಚೀಕಲಪರವಿ ಮಾನ್ವಿ ತಾಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಜಗನ್ನಾಥದಾಸರ ಕಂಬಕ್ಕೆ ಇಂದಿಗೂ ಮಾನ್ವಿಯಲ್ಲಿ ಪೂಜೆ ಸಲ್ಲುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜಗನ್ನಾಥದಾಸರು ಇನ್ನೂ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದಾಗ, ಕನ್ನಡದಲ್ಲಿ ಹಾಡುವ ವಿಜಯದಾಸರೆಂದರೆ ಅವರಿಗೆ ತಾತ್ಸಾರವಿತ್ತಂತೆ. ಊಟಕ್ಕೆ ಕರೆದರೆ ಹೊಟ್ಟೆನೋವೆಂದು ನೆವ ಹೇಳಿ ತಪ್ಪಿಸಿಕೊಂಡರಂತೆ. ಆ ನೆವದ ನೋವೇ ನಿಜವಾಗಿ ಕಾಡಿತು; ಕಡೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದು ಉಳಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಹಾಗೆ ಉಳಿದ ಪಂಡಿತರು ‘ಹರಿಕಥಾಮೃತಸಾರ’ವನ್ನು ಬರೆದದ್ದು ಸಂಸ್ಕೃತದಲ್ಲಲ್ಲ, ತಾವು ಹಿಂದೆ ಹಳಿದ ಕನ್ನಡದಲ್ಲಿಯೇ.

ಆಯುಷ್ಯದಾನವನ್ನು ನಂಬುವದು ಬಿಡುವದು ಅವರವರ ಭಕ್ತಿಗೆ ಬಿಟ್ಟದ್ದು. ಕಥೆಯ ಒಡಲಲ್ಲಿರುವ ಸಂಗತಿ ಮಾತ್ರ ಇತಿಹಾಸವೇ: ಕನ್ನಡವೂ ಒಂದು ಕಾಲಕ್ಕೆ ಪಂಡಿತರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಯೋಗ್ಯವೆನಿಸಿರಲಿಲ್ಲ. ಅಂದಿನವರ ಕಣ್ಣಿಗೆ ನಮ್ಮ ಭಾಷೆಯೇ ಬೂಸಾ ಆಗಿತ್ತು. ನಿಜಾಮರ ಕಾಲದಲ್ಲಿಯೂ ಉರ್ದುವಿನ ಮುಂದೆ ಇದೇ ಗತಿ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ಕೂಡಿದಾಗ ಈ ಸೀಮೆಯವರಿಗೆ ಆದ ಹಿಗ್ಗು ಬರಿಯ ಸಾಹಿತ್ಯದ ಹಿಗ್ಗಾಗಿರಲಿಲ್ಲ. ಹೀಗೆ ಎರಡು ಸಲ ಪಂಕ್ತಿಯಿಂದ ಎಬ್ಬಿಸಿಕೊಂಡ ಭಾಷೆಯವರು ತಮ್ಮ ಪಂಕ್ತಿಯಿಂದ ಇನ್ನೊಬ್ಬರನ್ನು ಎಬ್ಬಿಸುವಾಗ ಆ ನೆನಪು ಬರುವದಿಲ್ಲವೇ? ದಾಸರ ಪಂಕ್ತಿಯೂ ಕೇರಿಯವರೆಗೆ ಹೋಗಲಿಲ್ಲವೆಂಬದನ್ನು ಪ್ರಾಮಾಣಿಕತೆಗಾಗಿ ಇಲ್ಲಿ ಸೇರಿಸಿ ಮುಂದುವರಿಯುತ್ತೇವೆ.

ಊರ ಹಿರಿಯರನ್ನು, ಪಂಡಿತರನ್ನು, ಸರಕಾರವನ್ನು ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತನ್ನು ಮುಚ್ಚಿಡುವದು ಸರಿಯಲ್ಲ. 1920ರ ಜನವರಿ 31ರಂದು ಅಂಬೇಡಕರರು ‘ಮೂಕನಾಯಕ’ವೆಂಬ ಪತ್ರಿಕೆಯನ್ನು ಹೊರಡಿಸಿದಾಗ ಅದರ ಜಾಹಿರಾತನ್ನು ಹಣ ಕೊಡುತ್ತೇವೆಂದರೂ ‘ಕೇಸರಿ’ಯು ಅಚ್ಚುಮಾಡಲಿಲ್ಲ. ಸ್ವರಾಜ್ಯದ ಸಿಂಹಗರ್ಜನೆ ಮಾಡಿದ ಪತ್ರಿಕೆ ಅದು. ರಾಷ್ಟ್ರೀಯ ಪತ್ರಿಕೆಗಳೆಲ್ಲ ತಮ್ಮ ಹಿರಿಯಣ್ಣನೆಂದು ಎಣಿಸಿದ ಪತ್ರಿಕೆ. ಸರಕಾರವು ನಮ್ಮ ಬಾಯಿ ಕಟ್ಟಿದಾಗ ನಾವು ಲೋಕಕ್ಕೆಲ್ಲ ಕೇಳುವಂತೆ ಕೂಗಿದೆವು; ನಾವೇ ಇನ್ನೊಬ್ಬರ ಬಾಯಿಯನ್ನು ಕಟ್ಟಿದಾಗ ಅದಕ್ಕೆ ‘ಸ್ಥಳಾಭಾವ’ವೆಂದು ಹೆಸರಿಟ್ಟೆವು. ಸುಧಾರಕರ ಪಾಡೂ ಇದಕ್ಕಿಂತ ಮೇಲಾಗಿರಲಿಲ್ಲ. ಲಾಹೋರಿನ ಜಾತ್‌-ಪಾತ್‌-ತೋಡಕ ಮಂಡಲವು 1936ರಲ್ಲಿ ತನ್ನ ಪರಿಷತ್ತಿಗೆ ಅಂಬೇಡಕರರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಭಾಷಣದ ಪ್ರತಿಯನ್ನು ಓದಿ ಬೆದರಿತು. ಕೆಲವು ಭಾಗಗಳನ್ನು ಬಿಡಿರೆಂದು ಕೇಳಿತು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪದಿರಲು ಪರಿಷತ್ತನ್ನೇ ರದ್ದುಪಡಿಸಿತು. ಜಾತಿಯನ್ನು ಮುರಿಯಲೆಂದು ಹುಟ್ಟಿದ ಮಂಡಲವು ಜಾತಿಯ ಬಗ್ಗೆ ಪೂರ್ತಿ ಮಾತನ್ನು ಕೇಳಲಾರದಾಯಿತು.

ಅವರು ತಮ್ಮ ಖರ್ಚಿನಿಂದ 1,500 ಪ್ರತಿಗಳನ್ನು ಅಚ್ಚುಹಾಕಿಸಿದರು. ಮಹಾತ್ಮಾ ಗಾಂಧಿಯವರು ‘ಹರಿಜನ’ದಲ್ಲಿ ಅದಕ್ಕೆ ಆಕ್ಷೇಪವೆತ್ತಿ ಬರೆದರು. 1937ರ ಎರಡನೆಯ ಮುದ್ರಣದಲ್ಲಿ ಅಂಬೇಡಕರರು ಗಾಂಧಿಯವರ ಆಕ್ಷೇಪವನ್ನೂ ತಮ್ಮ ಉತ್ತರವನ್ನೂ ಜೊತೆಯಲ್ಲಿಯೇ ಪ್ರಕಟಿಸಿದರು. ಬಿಚ್ಚುಮನಸ್ಸಿನ ಚರ್ಚೆಯೆಂದು ನಾವು ತಲೆಬಾಗುವದಾದರೆ ಇದಕ್ಕೆ. ಎದುರಾಳಿಯು ದೇಶವೇ ಪೂಜಿಸುವ ಪುರುಷ; ಆದರೂ ಅಂಬೇಡಕರರಿಗೆ ತಮ್ಮದೇ ಅಚ್ಚಿನ ಖರ್ಚನ್ನು ಭರಿಸುವ ಶಕ್ತಿಯಿತ್ತು, ಗಾಂಧಿಯವರಿಗೆ ಉತ್ತರವನ್ನು ಕೇಳುವ ಸೌಜನ್ಯವಿತ್ತು. ಮೊದಲನೆಯದಿಲ್ಲದೆ ಎರಡನೆಯದು ಸಾಲದು. ದೇವದುರ್ಗದ ಕೂಲಿಗೆ 1,500 ಪ್ರತಿಗಳನ್ನು ಅಚ್ಚುಹಾಕಿಸುವವರಾರು? ಈ ಕಚೇರಿಗೆ ಬರುವ ಕಾಗದಗಳಲ್ಲಿ ಆ ಕಡೆಯ ಹಳ್ಳಿಗಳವು ಬಹು ಕಡಿಮೆ. ಬಂದವುಗಳಲ್ಲಿಯೂ ‘ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ’ ಎಂಬ ಸಾಲು ತಪ್ಪದು. ಹೆಸರಿಲ್ಲದ ಕಾಗದವನ್ನು ಬದಿಗಿಡುವದು ನಮ್ಮ ಕಚೇರಿಯ ರೂಢಿಯಾಗಿತ್ತು. ಆ ರೂಢಿ ಯಾರಿಗೆ ಅನುಕೂಲವಾಗಿತ್ತೆಂದು ನಾವು ಬಹುಕಾಲ ಯೋಚಿಸಲಿಲ್ಲ.

ಹಾಗಾದರೆ ಹಗೆಯ ಮಾತಾಡುವವರ ಬಾಯನ್ನು ಕಾಯದೆಯಿಂದ ಮುಚ್ಚಿಸೋಣವೇ? 2025ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ನಮ್ಮ ವಿಧಾನಸಭೆಯು ದ್ವೇಷಭಾಷಣವನ್ನು ತಡೆಯುವ ಮಸೂದೆಯನ್ನು ಗದ್ದಲದ ನಡುವೆ ಅಂಗೀಕರಿಸಿತು. ಅದರಲ್ಲಿ ಒಂದರಿಂದ ಏಳು ವರ್ಷಗಳ ಸಜೆಯ ಮಾತುಂಟು. ಮಾತಿನ ಬಗೆಗಿನ ಮಸೂದೆಯ ಮೇಲೆಯೇ ಸಾವಧಾನವಾಗಿ ಮಾತು ನಡೆಯದೆ ಹೋದದ್ದು ನಮಗೆ ಖೇದಕರವಾಗಿ ತೋರಿತು. ಅದರ ಉದ್ದೇಶವನ್ನು ನಾವು ಸಂಶಯಿಸುವದಿಲ್ಲ. ಆದರೆ ಗಸ್ತಿ 53ರ ನೆನಪುಳ್ಳ ಸೀಮೆಯವರು ಇಂಥ ಕಾಯದೆಗಳನ್ನು ಎರಡು ಸಲ ಓದಬೇಕು. ಬಾಯಿ ಮುಚ್ಚಿಸುವ ಯಾವ ಆಜ್ಞೆಗೂ ಯಾವ ಸರಕಾರವೂ ಕೊಡುವ ಕಾರಣ ಶಾಂತಿರಕ್ಷಣೆಯೇ. ಆಕ್ಷೇಪಾರ್ಹ ಸಂದೇಶಗಳನ್ನು ದಂಡಿಸುತ್ತಿದ್ದ 66-ಎ ಎಂಬ ಕಲಮನ್ನು 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು ತೊಡೆದುಹಾಕಿದ್ದು, ಅದರ ಅಸ್ಪಷ್ಟವಾದ ಶಬ್ದಗಳಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದಾಗಿತ್ತೆಂಬ ಕಾರಣದಿಂದ. ಮಾತನ್ನು ಅಳೆಯುವ ಕೋಲನ್ನು ಠಾಣೆಯ ಕೈಗೆ ಕೊಟ್ಟರೆ ಅದು ಮೊದಲು ಬೀಳುವದು ಯಾರ ಬೆನ್ನ ಮೇಲೆ? ಊರಗೌಡರ ಬೆನ್ನ ಮೇಲಲ್ಲ.

ನಮ್ಮ ಅಭಿಪ್ರಾಯದಲ್ಲಿ ಅಭಿಪ್ರಾಯ ಬೇರೆ, ಬೆದರಿಕೆ ಬೇರೆ. ಜಾತಿಯು ದೇವರು ಮಾಡಿದ್ದೆಂದು ಒಬ್ಬನು ಪುಸ್ತಕ ಬರೆದರೆ ಬರೆಯಲಿ. ಅದು ಸುಳ್ಳೆಂದು ನಾವು ಹತ್ತು ಪುಸ್ತಕ ಬರೆಯುವೆವು. ಆದರೆ ಮಾತನಾಡಿದವನಿಗೆ ಕೆಲಸ ಕೊಡಬಾರದು, ಅಂಗಡಿಯಲ್ಲಿ ಸಾಮಾನು ಕೊಡಬಾರದೆಂದು ಕಟ್ಟೆಯ ಮೇಲೆ ಠರಾವು ಮಾಡುವದು ಅಭಿಪ್ರಾಯವಲ್ಲ, ಅಪರಾಧ. ಇದಕ್ಕೆ ಹೊಸ ಕಾಯದೆ ಬೇಕಾಗಿಲ್ಲ. 1989ರ ದೌರ್ಜನ್ಯ ಪ್ರತಿಬಂಧಕ ಕಾಯದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯು, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವದನ್ನೂ ಹಾಕುವೆನೆಂದು ಬೆದರಿಸುವದನ್ನೂ ಹೆಸರು ಹೇಳಿ ಅಪರಾಧವೆಂದು ಸಾರಿದೆ. ಆ ಕಲಮು ಹಳ್ಳಿಯ ಕಟ್ಟೆಗೆ ಎಷ್ಟು ತಿಳಿದಿದೆ? ಅದೇ ಕಾಯದೆಯಲ್ಲಿ ನಿಂದೆಯ ಕಲಮಿಗೆ ‘ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳ’ವೆಂಬ ನಿಬಂಧನೆಯಿದೆ, ಹೊರಗಿನವರಾರೂ ಇಲ್ಲದಾಗ ನಾಲ್ಕು ಗೋಡೆಗಳೊಳಗೆ ಆಡಿದ ನಿಂದೆಯು ಅದಕ್ಕೆ ಒಳಪಡದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿತು. ನ್ಯಾಯದ ಸೂಕ್ಷ್ಮವು ಹಾಗಿದ್ದೀತು. ಆದರೆ ಸಾಲಕ್ಕೆ ಸಿಕ್ಕ ಆಳು ಬೈಗುಳ ತಿನ್ನುವದು ಧಣಿಯ ಪಡಸಾಲೆಯಲ್ಲಿ. ಅಲ್ಲಿ ಸಾರ್ವಜನಿಕರೆಂದರೆ ಗೋದಲಿಯಲ್ಲಿ ಕಟ್ಟಿದ ಎತ್ತುಗಳು ಮಾತ್ರ.

ಮಾತಿನ ಸಂಯಮವನ್ನು ನಾವು ಬೇಡವೆನ್ನುವದಿಲ್ಲ. ಅದು ಯಾರಿಂದ ಮೊದಲಾಗಬೇಕೆಂಬದೇ ಪ್ರಶ್ನೆ. ಭೀಮೆಯ ದಡದ ಸನ್ನತಿಯಲ್ಲಿ 1989ರಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯದೂ ಒಂದು. ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಅಕಾರಣವಾಗಿ ಹಳಿಯದೆ ನಾಲಿಗೆಯನ್ನು ಹಿಡಿದುಕೊಳ್ಳಬೇಕೆಂಬದು ಅದರ ತಾತ್ಪರ್ಯ. ನಮ್ಮ ಮಸ್ಕಿಯ ಬಂಡೆಯ ಮೇಲಿನದು, 1915ರಲ್ಲಿ ಬಂಗಾರದ ಗಣಿಯ ಇಂಜಿನಿಯರನೊಬ್ಬನ ಕಣ್ಣಿಗೆ ಬಿದ್ದದ್ದು. ದೊರೆಗೆ ಅಶೋಕನೆಂಬ ಹೆಸರಿತ್ತೆಂದು ಲೋಕಕ್ಕೆ ಮೊದಲು ತಿಳಿಸಿದ್ದೇ ಆ ಬಂಡೆ. ಶ್ರೇಷ್ಠಪದವಿಯು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವನೂ ಅದನ್ನು ಪಡೆಯಬಲ್ಲನೆಂದು ಅಲ್ಲಿ ಕೆತ್ತಿದೆ. ದಂಡವೂ ದಂಡೂ ಕೈಯಲ್ಲಿದ್ದ ಚಕ್ರವರ್ತಿಯು ನಾಲಿಗೆಯ ಸಂಯಮವನ್ನು ಬೋಧಿಸಿದರೆ ಅದಕ್ಕೆ ಬೆಲೆಯುಂಟು. ನಮ್ಮಲ್ಲಿಯಾದರೋ ಏಟು ತಿಂದವನಿಗೆ ಮೆಲ್ಲನೆ ಅಳಬೇಕೆಂದು ಸಂಯಮ ಕಲಿಸುವರು.

ದೌರ್ಜನ್ಯ ಪ್ರತಿಬಂಧಕ ನಿಯಮಗಳ ಮೇರೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದು. ಅದು ರಾಯಚೂರಿನ ಸಭಾಂಗಣದಲ್ಲಿ ಮಾತ್ರವೇ ಕೂಡಬೇಕೆಂದು ಯಾವ ನಿಯಮವೂ ಹೇಳುವದಿಲ್ಲ. ಒಂದು ಸಲ ದೇವದುರ್ಗದ ಕೇರಿಯಲ್ಲಿಯೂ ಮತ್ತೊಂದು ಸಲ ಮಾನ್ವಿಯ ಕೇರಿಯಲ್ಲಿಯೂ ಅದು ಕೂಡಲಿ. ಎಂಟು ದಿನ ಮುಂಚಿತವಾಗಿ ಡಂಗುರ ಸಾರಲಿ. ಬಹಿಷ್ಕಾರದ ಕಲಮನ್ನು ಅಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಎಲ್ಲರಿಗೂ ಒಂದೇ ಲೋಟದಲ್ಲಿ ಚಹ ಕೊಡಲಿ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿ ಎದ್ದುನಿಂತು ಮಾತನಾಡಿದ ಪ್ರತಿಯೊಬ್ಬರ ಮನೆಗೂ ಒಂದು ತಿಂಗಳ ತರುವಾಯ ಜವಾಬ್ದಾರಿಯುಳ್ಳ ಅಧಿಕಾರಿಯೊಬ್ಬರು ಹೋಗಿ, ಕೂಲಿ ಸಿಗುತ್ತಿದೆಯೇ, ಅಂಗಡಿಯಲ್ಲಿ ಸಾಮಾನು ಕೊಡುತ್ತಿದ್ದಾರೆಯೇ, ಗಿರಣಿ ತಿರುಗುತ್ತಿದೆಯೇ ಎಂದು ವಿಚಾರಿಸಿ, ಆ ವರದಿಯನ್ನು ಮುಂದಿನ ಸಭೆಯ ಮುಂದಿಡಲಿ. ಈ ಎರಡನೆಯ ಭೆಟ್ಟಿಯ ವರದಿಗೆ ನಮ್ಮ ಪತ್ರಿಕೆಯಲ್ಲಿ ಸ್ಥಳಾಭಾವವಿರುವದಿಲ್ಲ. ಹೆಸರಿಲ್ಲದೆ ಬರುವ ಕಾಗದಗಳನ್ನೂ ಇಂದಿನಿಂದ ಬದಿಗಿಡದೆ, ವಿಚಾರಿಸಿ ನಿಜಾಂಶ ಕಂಡವನ್ನು ಪ್ರಕಟಿಸುವದಾಗಿ ನಿಶ್ಚಯಿಸಿದ್ದೇವೆ. ಮೊದಲ ಸಭೆಯ ದಿನಾಂಕವನ್ನು ಜಿಲ್ಲಾಧಿಕಾರಿಗಳು ತಿಳಿಸಬೇಕೆಂದು ಅಪೇಕ್ಷಿಸುತ್ತೇವೆ.